ತೂಕದಲ್ಲಿ ಮೋಸವಿಲ್ಲದ ಅಂಗಡಿ: ರಾಚ್‌ಡೇಲ್‌ನ ಟೋಡ್ ಲೇನ್ ವಸ್ತುಸಂಗ್ರಹಾಲಯ

ಗದಗ ಸೀಮೆಯ ಹಳ್ಳಿಯಲ್ಲಿ ಬೆಳೆದ ನನಗೆ ‘ಸಹಕಾರ ಸಂಘ’ ಎಂಬ ಪುಸ್ತಕದ ಮಾತು ಪರಿಚಯವಾದದ್ದು ತಡವಾಗಿ; ಅದಕ್ಕೂ ಮೊದಲು ಗೊತ್ತಿದ್ದದ್ದು ‘ಸೊಸೈಟಿ’. ಬಿತ್ತನೆಯ ಕಾಲಕ್ಕೆ ಗೊಬ್ಬರ, ಹಬ್ಬದ ಮುಂಚೆ ಸಕ್ಕರೆ, ಅವ್ವ ಡಬ್ಬಿ ಕೊಟ್ಟು ಕಳಿಸಿದ ದಿನ ಸೀಮೆಎಣ್ಣೆ, ಎಲ್ಲವೂ ಸೊಸೈಟಿಯಿಂದಲೇ ಬರುತ್ತಿದ್ದವು. ಇಂಗ್ಲೆಂಡಿನ ಉತ್ತರ ಭಾಗದಲ್ಲಿ ಕೆಲವು ದಿನ ಇರುವ ಅವಕಾಶ ಒದಗಿದಾಗ ಆ ಸೊಸೈಟಿಯ ತವರನ್ನು ಕಣ್ಣಾರೆ ನೋಡಬೇಕೆಂದು ಮೊದಲು ಹೊರಟದ್ದು ರಾಚ್‌ಡೇಲ್‌ಗೆ. ಮ್ಯಾಂಚೆಸ್ಟರ್‌ನಿಂದ ರೈಲಿನಲ್ಲಿ ಬೇಗ ತಲುಪಬಹುದು. ಟ್ರ್ಯಾಮ್ ಓಲ್ಡ್‌ಹ್ಯಾಮ್ ಸುತ್ತಿಕೊಂಡು ನಿಧಾನವಾಗಿ ಹೋಗುತ್ತದೆಯಾದರೂ ಹಳೆಯ ಗಿರಣಿ ಊರುಗಳನ್ನು ಕಿಟಕಿಯಿಂದ ನೋಡುವ ಆಸೆಯಿರುವವರು ಅದನ್ನೇ ಹಿಡಿಯಲಿ.

ಟೋಡ್ ಲೇನ್ ಎಂದರೆ ‘ಕಪ್ಪೆ ಓಣಿ’ ಎಂದು ಅರ್ಥ ಮಾಡಿಕೊಳ್ಳಬೇಕಾಗಿಲ್ಲ. ‘ಹಳೆಯ ಓಣಿ’ ಎಂಬುದನ್ನೇ ಅಲ್ಲಿನ ಜನ ತಮ್ಮ ಆಡುನುಡಿಯಲ್ಲಿ ನುಂಗಿ ನುಂಗಿ ಹೇಳಿ ಈ ಹೆಸರಾಯಿತೆಂದು ಊರಿನಲ್ಲಿ ಹೇಳುತ್ತಾರೆ. ಕಲ್ಲು ಹಾಸಿದ ಆ ಓಣಿಯ 31ನೆಯ ನಂಬರಿನ ಇಟ್ಟಿಗೆ ಕಟ್ಟಡವೇ ರಾಚ್‌ಡೇಲ್ ಪಯೋನಿಯರ್ಸ್ ವಸ್ತುಸಂಗ್ರಹಾಲಯ. ಒಂದು ಕಾಲದ ಈ ಗೋದಾಮಿನ ನೆಲ ಅಂತಸ್ತನ್ನು ವರ್ಷಕ್ಕೆ 10 ಪೌಂಡ್ ಬಾಡಿಗೆಗೆ ಹಿಡಿದು, 1844ರ ಡಿಸೆಂಬರ್ 21ರ ಸಂಜೆ, ‘ಪಯೋನಿಯರ್ಸ್’, ಅಂದರೆ ಮೊದಲಿಗರು, ಎಂದು ಹೆಸರಾದ ಊರಿನ ದುಡಿಯುವ ಜನ ತಮ್ಮದೇ ಅಂಗಡಿಯ ಬಾಗಿಲು ತೆರೆದರು.

ಒಳಗೆ ಕಾಲಿಟ್ಟ ಕೂಡಲೇ ಎದುರಾಗುವುದು ಆ ಅಂಗಡಿಯ ಮರುರೂಪ, ಮತ್ತು ಇಡೀ ಸಂಗ್ರಹಾಲಯದ ಜೀವ ಇರುವುದು ಈ ಕೋಣೆಯಲ್ಲಿಯೇ. ಪೀಪಾಯಿಗಳ ಮೇಲೆ ಹಲಗೆ ಹಾಸಿದರೆ ಅದೇ ಗಲ್ಲೆಯ ಕಟ್ಟೆ. ಅದರ ಮೇಲೊಂದು ತಕ್ಕಡಿ. ಪಕ್ಕದಲ್ಲಿ ಹಿಟ್ಟಿನ ಚೀಲ. ಮೊದಲ ದಿನ ಇವರ ಬಳಿ ಇದ್ದ ಸರಕು ಬೆಣ್ಣೆ, ಸಕ್ಕರೆ, ಗೋಧಿ ಹಿಟ್ಟು, ಓಟ್ಸ್ ಹಿಟ್ಟು ಮತ್ತು ಕೆಲವು ಕೊಬ್ಬಿನ ಮೇಣದಬತ್ತಿಗಳು ಮಾತ್ರ, ಅವುಗಳ ಒಟ್ಟು ಬೆಲೆ 17 ಪೌಂಡನ್ನೂ ಮುಟ್ಟುತ್ತಿರಲಿಲ್ಲ. ಗಿರಣಿಯಲ್ಲಿ ತುಂಬಿದ ಕಂಡಿಕೆ ಬದಲಿಸುವ ಕೆಲಸದ ಹುಡುಗರು ಹೊರಗೆ ಗುಂಪುಗೂಡಿ ಅಪಹಾಸ್ಯ ಮಾಡುತ್ತಿದ್ದರೆಂದೂ, ಬಾಗಿಲ ಹಲಗೆ ತೆಗೆಯಲು ಒಳಗಿದ್ದವರೇ ಕ್ಷಣಕಾಲ ಹಿಂಜರಿದರೆಂದೂ ಹೇಳುತ್ತಾರೆ. ಆ ಬರಿದಾದ ಕೋಣೆಯಲ್ಲಿ ನಿಂತರೆ ಅವರ ಹಿಂಜರಿಕೆ ಚೆನ್ನಾಗಿ ಅರ್ಥವಾಗುತ್ತದೆ. ವಾರಕ್ಕೆ ಎರಡು ಪೆನ್ನಿಯಂತೆ ಕೂಡಿಟ್ಟು, ತಲೆಗೊಂದು ಪೌಂಡಿನ ಪಾಲು ಹಾಕಿ 28 ಪೌಂಡ್ ಒಟ್ಟು ಮಾಡಿದ್ದವರಿಗೆ ಕಳೆದುಕೊಳ್ಳಲು ಬೇರೇನೂ ಇರಲಿಲ್ಲ.

ಅವರು ಯಾಕೆ ಇಷ್ಟು ಕಷ್ಟಪಟ್ಟರು ಎಂಬುದು ತಿಳಿಯದಿದ್ದರೆ ತಕ್ಕಡಿ ಬರೀ ಹಳೆಯ ಸಾಮಾನಾಗಿ ಕಾಣುತ್ತದೆ. ರಾಚ್‌ಡೇಲ್ ಮೊದಲು ಉಣ್ಣೆಯ ಫ್ಲ್ಯಾನಲ್ ಬಟ್ಟೆಗೆ ಹೆಸರಾಗಿದ್ದ ಊರು, ಆಮೇಲೆ ಹತ್ತಿಯ ಗಿರಣಿಗಳ ಊರು. 1840ರ ದಶಕದಲ್ಲಿ ನೇಕಾರರ ಕೂಲಿ ಇಳಿದಿತ್ತು, ಕೂಲಿ ಹೆಚ್ಚಿಸಿಕೊಳ್ಳಲು ಹೂಡಿದ ಹೋರಾಟ ಫಲಿಸಿರಲಿಲ್ಲ. ಅಂಗಡಿಯವರು ಹಿಟ್ಟಿಗೆ ಸೀಮೆಸುಣ್ಣ ಬೆರೆಸುವುದೂ, ಬಳಸಿದ ಚಹಾ ಎಲೆಯನ್ನು ಒಣಗಿಸಿ ಮತ್ತೆ ಮಾರುವುದೂ ಆ ಕಾಲದ ಇಂಗ್ಲೆಂಡಿನಲ್ಲಿ ಮಾಮೂಲಿಯಾಗಿತ್ತು. ಉದ್ರಿ ಬಾಕಿಯಿದ್ದ ಗಿರಾಕಿ ಅದನ್ನು ಕೇಳುವಂತೆಯೂ ಇರಲಿಲ್ಲ. ಹಾಗಾಗಿ ಈ ಜನ ಮಾಡಿಕೊಂಡ ಕಟ್ಟಳೆಗಳು ಬಹಳ ನೇರವಾಗಿದ್ದವು: ಕಲಬೆರಕೆಯಿಲ್ಲದ ಸರಕು, ಪೂರ್ತಿ ತೂಕ, ನಗದು ವ್ಯಾಪಾರ. ನಮ್ಮ ಕಡೆಯ ಕಿರಾಣಿ ಅಂಗಡಿಗಳ ‘ಇಂದು ನಗದು, ನಾಳೆ ಉದ್ರಿ’ ಎಂಬ ಹಲಗೆ ಅಂಗಡಿಕಾರನ ರಕ್ಷಣೆಗೆ. ಇಲ್ಲಿನ ನಗದು ನಿಯಮ ಗಿರಾಕಿಯನ್ನು ಸಾಲದಿಂದ ಬಿಡಿಸುವುದಕ್ಕೆ. ಈ ವ್ಯತ್ಯಾಸ ನನಗೆ ಹೊಳೆದದ್ದು ಅಲ್ಲಿ ನಿಂತಾಗಲೇ.

ಇನ್ನೊಂದು ಕಟ್ಟಳೆ ಲೋಕವನ್ನೇ ಸುತ್ತಿತು. ಲಾಭವನ್ನು ಹಾಕಿದ ಬಂಡವಾಳಕ್ಕೆ ತಕ್ಕಂತೆ ಹಂಚದೆ, ಪಾಲಿನ ಹಣಕ್ಕೆ ಮಿತವಾದ ಬಡ್ಡಿ ಕೊಟ್ಟು, ಉಳಿದದ್ದನ್ನು ಯಾರು ಎಷ್ಟು ಕೊಂಡರೋ ಅದಕ್ಕೆ ತಕ್ಕಂತೆ ಹಿಂದಿರುಗಿಸುವುದು ಆ ಕಟ್ಟಳೆ. ಹಾಲಿನ ಡೇರಿಗೆ ಹೆಚ್ಚು ಹಾಲು ಹಾಕಿದವರಿಗೆ ವರ್ಷದ ಕೊನೆಗೆ ಹೆಚ್ಚು ಬೋನಸ್ ಬರುವುದನ್ನು ಕಂಡಿರುವ ನಮ್ಮ ಹಳ್ಳಿಯ ಹೆಣ್ಣುಮಕ್ಕಳಿಗೆ ಇದನ್ನು ಯಾರೂ ವಿವರಿಸಬೇಕಾಗಿಲ್ಲ. ಪಾಲು ಎಷ್ಟೇ ಇರಲಿ, ಒಬ್ಬರಿಗೆ ಒಂದೇ ಮತ. ಮದುವೆಯಾದ ಹೆಂಗಸಿಗೆ ತನ್ನ ಹೆಸರಿನಲ್ಲಿ ಆಸ್ತಿಯ ಹಕ್ಕೇ ಇಲ್ಲದಿದ್ದ ಆ ದೇಶದಲ್ಲಿ ಇವರು ಹೆಂಗಸರನ್ನು ಸದಸ್ಯರಾಗಿ ಸೇರಿಸಿಕೊಂಡರು; ಎಲೈಜಾ ಬ್ರಿಯರ್ಲಿ ಎಂಬಾಕೆಯ ಹೆಸರು 1846ರಲ್ಲಿಯೇ ದಾಖಲಾಗಿದೆ.

ಮೇಲಿನ ಅಂತಸ್ತಿನಲ್ಲಿ ಚಿತ್ರಗಳು ಮತ್ತು ವಿವರಣೆಗಳಿವೆ. ಅವುಗಳನ್ನು ಸಾವಕಾಶವಾಗಿ ಓದಬೇಕು. ಈ ಸಂಘ ಮುಂದೆ ಮೇಲಿನ ಕೋಣೆಗಳನ್ನೂ ಹಿಡಿದು ಗ್ರಂಥಾಲಯ ಮತ್ತು ವಾಚನಾಲಯ ನಡೆಸಿತು, ಲಾಭದಲ್ಲಿ ನೂರಕ್ಕೆ ಎರಡೂವರೆ ಪಾಲನ್ನು ಶಿಕ್ಷಣಕ್ಕೆ ತೆಗೆದಿರಿಸಿತು. ದಿನವಿಡೀ ಗಿರಣಿಯಲ್ಲಿ ನಿಂತು ದುಡಿದವರು ಸಂಜೆ ಪತ್ರಿಕೆ ಓದಲು ಕಿರಾಣಿ ಅಂಗಡಿಯ ಮೆಟ್ಟಿಲು ಹತ್ತುತ್ತಿದ್ದರೆಂಬುದು ಆ ಊರಿನ ಬದುಕಿನ ಬಗ್ಗೆ ನಾನು ತಿಳಿದ ಅತಿ ದೊಡ್ಡ ಸಂಗತಿ. 1849ರಲ್ಲಿ ರಾಚ್‌ಡೇಲ್‌ನ ಉಳಿತಾಯ ಬ್ಯಾಂಕು ವಂಚನೆಯಿಂದ ಮುಳುಗಿದಾಗ ಜನ ತಮ್ಮ ಉಳಿತಾಯ ಇಡಲು ಇಲ್ಲಿಗೇ ಬಂದರು. 1863ರ ಸಗಟು ವ್ಯಾಪಾರದ ಸಹಕಾರ ಸಂಸ್ಥೆಯ ಹಿಂದೆಯೂ ಈ ಊರಿನವರಿದ್ದರು. 1865ರ ಫೋಟೋವೊಂದರಲ್ಲಿ ಮೊದಲಿಗರಲ್ಲಿ ಹದಿಮೂರು ಮಂದಿ ಕರಿಯ ಕೋಟು ತೊಟ್ಟು ಬಿಗಿದ ಮುಖದಲ್ಲಿ ಕುಳಿತಿದ್ದಾರೆ, ನಿಂತಿದ್ದಾರೆ. ಆ ಮುಖಗಳಲ್ಲಿ ನನ್ನೂರಿನ ಸೊಸೈಟಿ ಚೇರ್ಮನ್ನರನ್ನು ಕಂಡಂತಾಯಿತು.

ಅದೇ 1865ಕ್ಕೆ ಅಮೆರಿಕದ ಅಂತರ್ಯುದ್ಧ ಮುಗಿದಿತ್ತು. ಅದು ನಡೆದ ನಾಲ್ಕು ವರ್ಷ ಅಮೆರಿಕದ ಹತ್ತಿ ಬಾರದೆ ರಾಚ್‌ಡೇಲ್ ಸೇರಿದ್ದ ಲ್ಯಾಂಕಾಷೈರ್ ಸೀಮೆಯ ಮಗ್ಗಗಳು ನಿಂತು ಸಾವಿರಾರು ಮನೆಗಳ ಒಲೆ ಆರಿತ್ತು. ಆಗ ಗಿರಣಿಗಳಿಗೆ ಬಂದ ಭಾರತದ ಹತ್ತಿಯ ಎಳೆ ಗಿಡ್ಡ, ನೂಲು ಪದೇ ಪದೇ ಹರಿಯುತ್ತಿತ್ತು, ನೇಕಾರರು ಅದನ್ನು ಶಪಿಸುತ್ತಿದ್ದರು. ಧಾರವಾಡ ಸೀಮೆಯಲ್ಲಿ ನ್ಯೂ ಆರ್ಲಿಯನ್ಸ್ ಬೀಜದಿಂದ ಬೆಳೆದ ‘ಧಾರವಾಡ ಅಮೆರಿಕನ್’ ಹತ್ತಿಗೆ ಬೇಡಿಕೆ ಏರಿದ್ದೂ, ಕಾರವಾರದ ಬಂದರಿನ ಮೇಲೆ ಹತ್ತಿ ವ್ಯಾಪಾರಿಗಳ ಕಣ್ಣು ಬಿದ್ದದ್ದೂ, 1862ರಲ್ಲಿ ಉತ್ತರ ಕನ್ನಡ ಜಿಲ್ಲೆ ಮದ್ರಾಸಿನಿಂದ ಮುಂಬಯಿ ಪ್ರಾಂತ್ಯಕ್ಕೆ ಸೇರಿದ್ದೂ ಈ ಹಿನ್ನೆಲೆಯಲ್ಲಿಯೇ. ಕನ್ನಡಿಗರು ಈ ನೆನಪನ್ನು ಜೊತೆಗಿಟ್ಟುಕೊಂಡೇ ಈ ಕಟ್ಟಡ ನೋಡಬೇಕು. 1905ರಲ್ಲಿ ಗದಗದ ಬಳಿಯ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಕಟ್ಟಿದ ಸಂಘ ಸಾಲ ಕೊಡುವ ಸಂಘ. ಅಂಥ ಸಂಘಗಳಿಗೆ ಮಾದರಿಯಾದದ್ದು ಜರ್ಮನಿಯಲ್ಲಿ ರೈಫೈಸನ್ ಎಂಬಾತ ಹಳ್ಳಿಗರಿಗೆಂದು ಕಟ್ಟಿದ ಸಾಲದ ಸಂಘಗಳು. ಆದರೂ ಒಬ್ಬರಿಗೆ ಒಂದು ಮತ ಎಂಬ ತತ್ತ್ವದಲ್ಲಿ ಕಣಗಿನಹಾಳವೂ ಟೋಡ್ ಲೇನೂ ಬಂಧುಗಳೇ.

ಇದು ಸಣ್ಣ ಸಂಗ್ರಹಾಲಯ, ಒಂದೂವರೆ ಗಂಟೆ ಸಾಕು. ಮಗ್ಗಗಳ ಸದ್ದನ್ನೂ ಉಗಿಯಂತ್ರವನ್ನೂ ಬಯಸುವವರಿಗೆ ಇದು ತಕ್ಕ ಸ್ಥಳವಲ್ಲ. ಅವರು ಬರ್ನ್‌ಲಿಯ ಕ್ವೀನ್ ಸ್ಟ್ರೀಟ್ ಗಿರಣಿಗೆ ಹೋಗಬೇಕು. ತೀರಾ ಚಿಕ್ಕ ಮಕ್ಕಳು ತಕ್ಕಡಿಯ ಮುಂದೆ ಹತ್ತು ನಿಮಿಷ ನಿಂತು ಆಮೇಲೆ ಬೇಸರಪಟ್ಟಾರು. ಸಹಕಾರ ಇಲಾಖೆಯಲ್ಲಿ ದುಡಿದವರು, ಸೊಸೈಟಿಯ ಲೆಕ್ಕ ಬರೆದವರು, ಡೇರಿ ನಡೆಸಿದ ಹೆಣ್ಣುಮಕ್ಕಳು ಆ ಕಡೆ ಹೋದರೆ ಮಾತ್ರ ತಪ್ಪಿಸಬಾರದು. ಎಲ್ಲ ದಿನವೂ ತೆರೆದಿರುತ್ತದೆಂದು ನಂಬಿ ಹೋಗದೆ ಮುಂಚಿತವಾಗಿ ವಿಚಾರಿಸಿಕೊಳ್ಳುವುದು ಒಳ್ಳೆಯದು.

ಹೊರಗೆ ಬಂದ ಮೇಲೆ ಊರಿನಲ್ಲಿಯೂ ಒಂದು ಸುತ್ತು ಹಾಕಬೇಕು. ಗಿರಣಿಗಳ ಸಿರಿಯಲ್ಲಿ 1871ರಲ್ಲಿ ಎದ್ದ ಗಾತಿಕ್ ಶೈಲಿಯ ಟೌನ್ ಹಾಲ್ ಹತ್ತಿರದಲ್ಲಿಯೇ ಇದೆ. ದಶಕಗಳ ಕಾಲ ಕಾಂಕ್ರೀಟಿನಡಿ ಮುಚ್ಚಿಹೋಗಿದ್ದ ರಾಚ್ ನದಿಯನ್ನು 2016ರಲ್ಲಿ ಮತ್ತೆ ತೆರೆದಿದ್ದಾರೆ, ಹಳೆಯ ಕಲ್ಲಿನ ಸೇತುವೆ ಈಗ ಕಾಣುತ್ತದೆ. 1950 ಮತ್ತು 60ರ ದಶಕಗಳಲ್ಲಿ ಗಿರಣಿಯ ರಾತ್ರಿ ಪಾಳಿಗೆಂದು ಇಂದಿನ ಪಾಕಿಸ್ತಾನ, ಬಾಂಗ್ಲಾದೇಶಗಳಿಂದ ಬಂದವರ ಮೊಮ್ಮಕ್ಕಳು ಇಂದು ಈ ಊರಿನವರು. ಅಂಥವರೊಬ್ಬರ ಕಿರಾಣಿ ಅಂಗಡಿಯಲ್ಲಿ ನಾನು ಅರ್ಧ ಕಿಲೋ ತೊಗರಿಬೇಳೆ ಕೊಂಡೆ. ಅಂಗಡಿಯಾತ ತೂಗಿದ ಮೇಲೆ ಇನ್ನೊಂದು ಹಿಡಿ ಹಾಕಿ ಚೀಲ ಕಟ್ಟಿದರು.