ಮೂರು ರಾಶಿ, ಮೂರು ಗಿಡ: ಒಂದು ವಿಷುವಿನಿಂದ ಇನ್ನೊಂದು ವಿಷುವಿಗೆ

ನನಗೆ ಮೂರು ರಾಶಿ. ಹುಟ್ಟಿದ್ದು ಡಿಸೆಂಬರ್ 2ಕ್ಕೆ, ಹಾಗಾಗಿ ಇಂಗ್ಲಿಷ್ ಪತ್ರಿಕೆಗಳ ಲೆಕ್ಕದಲ್ಲಿ ಧನು. ನಮ್ಮ ಸೌರಮಾನದಲ್ಲಿ ಆ ದಿನ ವೃಶ್ಚಿಕ ಮಾಸ, ತುಳುವಿನ ಜಾರ್ದೆ ತಿಂಗಳು. ಇನ್ನು ಜಾತಕ ತೆಗೆದು ನೋಡಿದರೆ ಚಂದ್ರ ಇರುವುದು ಪುನರ್ವಸುವಿನ ನಾಲ್ಕನೇ ಪಾದದಲ್ಲಿ, ಅಂದರೆ ಕರ್ಕ. ಮನೆಯೊಳಗೆ ಇಡಲು ಮೊದಲ ಸಲ ಒಂದು ಗಿಡ ತರಬೇಕು, ಅದು ನನ್ನ ರಾಶಿಗೆ ಹೊಂದುವಂಥದ್ದೇ ಆಗಬೇಕು ಅಂತ ಆಸೆಪಟ್ಟೆ. ಯಾವ ರಾಶಿ ಹಿಡಿಯುವುದು ಅಂತ ತೀರ್ಮಾನವಾಗಲಿಲ್ಲ. ಕೊನೆಗೆ ಮೂರಕ್ಕೂ ಒಂದೊಂದು ಗಿಡ ತಂದೆ. ಕಳೆದ ವಿಷುವಿನಿಂದ ಈ ವಿಷುವಿನವರೆಗೆ ಮೂರನ್ನೂ ಒಂದೇ ಮನೆಯಲ್ಲಿ, ಒಂದೇ ಬಾವಿಯ ನೀರಿನಲ್ಲಿ ಸಾಕಿದೆ.

ಈ ರಾಶಿ ಗೊಂದಲ ಹೇಗೆ ಬಂತು ಅಂತ ನಮ್ಮ ಕಡೆಯವರಿಗೆ ಹೇಳುವುದು ಸುಲಭ. ವಿಷು ಅಂದರೆ ಸೂರ್ಯ ಮೇಷಕ್ಕೆ ಬರುವ ಹೊತ್ತು, ಏಪ್ರಿಲ್ 14ರ ಸುಮಾರಿಗೆ. ಪಾಶ್ಚಾತ್ಯರ ಪಟ್ಟಿಯಲ್ಲಿ ಮೇಷ ಮಾರ್ಚ್ 21ಕ್ಕೇ ಶುರುವಾಗಿರುತ್ತದೆ. ಅವರದು ಹಗಲು ರಾತ್ರಿ ಸಮ ಆಗುವ ದಿನದಿಂದ ಎಣಿಸುವ ಲೆಕ್ಕ, ನಮ್ಮದು ನಕ್ಷತ್ರಗಳನ್ನು ನೋಡಿ ಎಣಿಸುವ ಲೆಕ್ಕ. ಭೂಮಿಯ ಅಕ್ಷ ನಿಧಾನವಾಗಿ ತಿರುಗುವುದರಿಂದ ಸುಮಾರು 72 ವರ್ಷಕ್ಕೆ ಒಂದು ಡಿಗ್ರಿಯಂತೆ ಇವೆರಡೂ ದೂರ ಸರಿಯುತ್ತಾ ಬಂದು ಈಗ 24 ಡಿಗ್ರಿ ಆಗಿದೆ. ಇದನ್ನೇ ಅಯನಾಂಶ ಅನ್ನುವುದು. ಹಾಗಾಗಿ ಅಲ್ಲಿ ಧನು ಅನಿಸಿಕೊಂಡವರಲ್ಲಿ ಹೆಚ್ಚಿನವರು ಇಲ್ಲಿ ವೃಶ್ಚಿಕದವರು. ಅದರ ಮೇಲೆ ನಾವು ರಾಶಿ ಹೇಳುವುದೇ ಚಂದ್ರನನ್ನು ನೋಡಿ.

ಮೊಬೈಲಿನಲ್ಲಿ ಓಡಾಡುವ ಪಟ್ಟಿಗಳನ್ನು ನಾನು ಬದಿಗಿಟ್ಟೆ. ಒಂದರಲ್ಲಿ ಇದ್ದದ್ದು ಇನ್ನೊಂದರಲ್ಲಿ ಇಲ್ಲ. ಅದರ ಬದಲು ರಾಶಿಯ ತತ್ತ್ವ ಮತ್ತು ಅಧಿಪತಿ ಹಿಡಿದೆ, ಅದರಲ್ಲಿ ಗೊಂದಲ ಇಲ್ಲ. ಮೇಷ, ಸಿಂಹ, ಧನು ಅಗ್ನಿ. ವೃಷಭ, ಕನ್ಯಾ, ಮಕರ ಪೃಥ್ವಿ. ಮಿಥುನ, ತುಲಾ, ಕುಂಭ ವಾಯು. ಕರ್ಕ, ವೃಶ್ಚಿಕ, ಮೀನ ಜಲ. ಧನುವಿಗೆ ಬಿಸಿಲು ಬೇಡುವ ಜೇಡ್ ತಂದೆ. ವೃಶ್ಚಿಕ ನೀರಿನ ರಾಶಿ, ಅಧಿಪತಿ ಕುಜ, ಕುಜನಿಗೆ ಕೆಂಪು, ಹಾಗಾಗಿ ಕೆಂಪು ಆಂಥೂರಿಯಂ. ಕರ್ಕವೂ ನೀರಿನದೇ, ಅಧಿಪತಿ ಚಂದ್ರ, ಬಿಳಿ. ಅದಕ್ಕೆ ಪೀಸ್ ಲಿಲಿ. ಮೂರಕ್ಕೂ ಸೇರಿ 470 ರೂಪಾಯಿ ಆಯಿತು, ಆಂಥೂರಿಯಂಗೇ 200.

ನಮ್ಮದು ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ ಹಂಚಿನ ಮನೆ. ಮುರಕಲ್ಲಿನ ಗೋಡೆ, ಸಣ್ಣ ಕಿಟಕಿ, ಕೆಳಗೆ ಅಡಿಕೆ ತೋಟ. ಇದನ್ನು ಯಾಕೆ ಹೇಳುತ್ತಿದ್ದೇನೆಂದರೆ ಇದೇ ಇಡೀ ಫಲಿತಾಂಶವನ್ನು ತೀರ್ಮಾನಿಸಿತು.

ಮೊದಲ ಎರಡು ತಿಂಗಳು ಜೇಡ್‌ನದೇ ಕಾರುಬಾರು. ಏಪ್ರಿಲ್, ಮೇ ತಿಂಗಳಲ್ಲಿ ಪೂರ್ವದ ಜಗಲಿಯಲ್ಲಿ ಬೆಳಗಿನ ಬಿಸಿಲು ಚೆನ್ನಾಗಿ ಬೀಳುತ್ತದೆ, ಬಾವಿಯ ನೀರು ಕೆಳಗೆ ಹೋಗಿರುತ್ತದೆ, ಎಲ್ಲರಿಗೂ ನೀರು ಎಳೆಯುವುದೇ ಒಂದು ಕೆಲಸ, ಆಗ ಹತ್ತು ದಿನಕ್ಕೆ ಒಮ್ಮೆ ಅರ್ಧ ಲೋಟ ನೀರು ಕುಡಿದು ಸುಮ್ನೆ ಕೂತಿರುವ ಗಿಡ ಅಂದರೆ ಯಾರಿಗೆ ಇಷ್ಟ ಆಗುವುದಿಲ್ಲ ಹೇಳಿ. ಎಲೆಯ ಅಂಚಿಗೆ ಸಣ್ಣ ಕೆಂಪು ಕೂಡ ಬಂತು. ಅದು ದಕ್ಷಿಣ ಆಫ್ರಿಕಾದ ಗಿಡ. ಎಲೆಯಲ್ಲೇ ನೀರು ತುಂಬಿಟ್ಟುಕೊಳ್ಳುತ್ತದೆ, ಹಗಲು ಎಲೆಯ ರಂಧ್ರಗಳನ್ನು ಮುಚ್ಚಿಕೊಂಡು ರಾತ್ರಿ ತೆರೆಯುತ್ತದೆ, ನೀರು ಆವಿಯಾಗಿ ಹೋಗದ ಹಾಗೆ.

ಜೂನ್ ಬಂತು. ಕಾಸರಗೋಡಿನಲ್ಲಿ ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ, ಅದರಲ್ಲಿ ಜಾಸ್ತಿ ಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ನಾನು ಜೇಡ್‌ಗೆ ನೀರು ಹಾಕುವುದನ್ನು ಪೂರ್ತಿ ನಿಲ್ಲಿಸಿದ್ದೆ. ಆದರೂ ಜುಲೈ ಮಧ್ಯಕ್ಕೆ ಶುರುವಾಗುವ ಆಟಿ ತಿಂಗಳಲ್ಲಿ ಎಲೆ ಉದುರತೊಡಗಿತು. ಮುಟ್ಟಿದರೆ ಸಾಕು, ಒಂದೊಂದೇ ಕೆಳಗೆ. ಬುಡ ಹಿಸುಕಿ ನೋಡಿದರೆ ಮೆತ್ತಗೆ. ಗಾಳಿಯಲ್ಲೇ ಅಷ್ಟು ತೇವ, ಚಟ್ಟಿಯ ಮಣ್ಣು ಒಣಗಲೇ ಇಲ್ಲ. ನರ್ಸರಿಯಿಂದ ತಂದ ಮಣ್ಣನ್ನೇ ಬಿಟ್ಟಿದ್ದು ನನ್ನ ತಪ್ಪು, ಅದರಲ್ಲಿ ತೆಂಗಿನ ನಾರಿನ ಹುಡಿಯೇ ಜಾಸ್ತಿ ಇತ್ತು, ಅದು ನೀರು ಹಿಡಿದಿಟ್ಟುಕೊಳ್ಳುತ್ತದೆ. ಗಟ್ಟಿ ಇದ್ದ ಎರಡು ಕೊಂಬೆ ಕತ್ತರಿಸಿ, ಗಾಯ ಒಣಗಲು ಅಟ್ಟದ ಮೇಲೆ ನಾಲ್ಕು ದಿನ ಇಟ್ಟು, ಆಮೇಲೆ ಹೊಯಿಗೆ (ಮರಳು) ಮತ್ತು ಹಂಚಿನ ಚೂರು ಬೆರೆಸಿದ ಮಣ್ಣಿನಲ್ಲಿ ನೆಟ್ಟೆ. ಒಂದು ಬದುಕಿತು. ತಾಯಿ ಗಿಡ ಹೋಯಿತು. ನನಗೆ ನಿಜವಾಗಿ ಬೇಸರವಾಯಿತು, ಮೊದಲು ತಂದ ಗಿಡ ಅದೇ ಆಗಿತ್ತು.

ಅದೇ ಆಟಿಯಲ್ಲಿ ಪೀಸ್ ಲಿಲಿ ನೋಡಬೇಕಿತ್ತು ನೀವು. ಆಟಿ ಅಂದರೆ ಕರ್ಕಾಟಕ ಮಾಸ, ಕರ್ಕದ ಗಿಡ ಕರ್ಕದ ತಿಂಗಳಲ್ಲೇ ಏಳು ಹೊಸ ಎಲೆ ಬಿಟ್ಟಿತು. ಬಿಸಿಲೇ ಬೀಳದ ಉತ್ತರದ ಕಿಟಕಿ, ಹೊರಗೆ ಮಧ್ಯಾಹ್ನ ಮೂರಕ್ಕೇ ಕತ್ತಲು, ಅಕ್ಕಿ ಡಬ್ಬಿಗೂ ಬೂಷ್ಟು ಹಿಡಿಯುವ ಹವೆ, ಅದರಲ್ಲಿ ಇದು ಹೊಳೆಯುತ್ತಿತ್ತು. ಇದರ ಮೂಲ ಅಮೆರಿಕ ಖಂಡದ ಮಳೆಕಾಡು. ಅಲ್ಲಿ ದೊಡ್ಡ ಮರಗಳ ಕೆಳಗೆ ನೆರಳಿನಲ್ಲಿ ಬೆಳೆಯುವಂಥದ್ದು. ನಮ್ಮ ಅಡಿಕೆ ತೋಟದ ನೆರಳು ಇದ್ದ ಹಾಗೆ.

ಇದರಲ್ಲಿ ನನಗೆ ತುಂಬಾ ಇಷ್ಟವಾದ ಗುಣ ಒಂದಿದೆ. ಬಾಯಾರಿದರೆ ಹೇಳುತ್ತದೆ. ಬೇಸಿಗೆಯಲ್ಲಿ ಒಂದು ದಿನ ನೀರು ಹಾಕಲು ಮರೆತೆ, ಎಲೆಯೆಲ್ಲ ಜೋತು ಬಿದ್ದು ಇನ್ನು ಸತ್ತೇ ಹೋಯಿತು ಅನ್ನುವ ಹಾಗಿತ್ತು. ನೀರು ಹಾಕಿದೆ, ಸಂಜೆಯೊಳಗೆ ನೆಟ್ಟಗೆ ನಿಂತಿತು. ಮೊದಲ ಸಲ ಗಿಡ ಸಾಕುವವರಿಗೆ ಇದಕ್ಕಿಂತ ಒಳ್ಳೆಯ ಗುರು ಇಲ್ಲ. ಜೇಡ್ ಹಾಗಲ್ಲ, ಅದಕ್ಕೆ ಕಷ್ಟ ಆಗುತ್ತಿದೆ ಅಂತ ನಮಗೆ ಗೊತ್ತಾಗುವ ಹೊತ್ತಿಗೆ ಬುಡ ಕೊಳೆತಿರುತ್ತದೆ.

ಕೊರತೆಯೂ ಇದೆ. ಮಾರ್ಚ್ ಏಪ್ರಿಲ್‌ನಲ್ಲಿ ಎಲೆಯ ತುದಿ ಕಂದು ಆಯಿತು. ಚಿಕ್ಕಮ್ಮನ ಮನೆ ಸಮುದ್ರದ ಹತ್ತಿರ, ಅಲ್ಲಿ ಬಾವಿಗೆ ಬೇಸಿಗೆಯಲ್ಲಿ ಸ್ವಲ್ಪ ಉಪ್ಪು ಬರುತ್ತದೆ, ಅಲ್ಲಿಟ್ಟ ಪೀಸ್ ಲಿಲಿಗೆ ಅರ್ಧ ಎಲೆ ಕಂದು. ನೀರಿನ ಉಪ್ಪು ಇದಕ್ಕೆ ಆಗುವುದಿಲ್ಲ. ಇನ್ನೊಂದು, ಇದು ಕೆಸುವಿನ ಕುಟುಂಬದ ಗಿಡ. ಬೇಯಿಸದ ಕೆಸು ತಿಂದರೆ ಬಾಯಿ ಹೇಗೆ ತುರಿಸುತ್ತದೆ ಅಂತ ಪತ್ರೊಡೆ ಮಾಡುವವರಿಗೆ ಹೇಳಬೇಕಾಗಿಲ್ಲ. ಆ ಸುಣ್ಣದ ಸೂಜಿಯಂಥ ಹರಳು ಇದರಲ್ಲೂ ಇದೆ, ಆಂಥೂರಿಯಂ, ಮನಿ ಪ್ಲಾಂಟ್‌ನಲ್ಲೂ ಇದೆ. ಅಂಬೆಗಾಲಿಡುವ ಮಗು, ಎಲೆ ಕಚ್ಚುವ ಬೆಕ್ಕು ಇರುವ ಮನೆಯಲ್ಲಿ ಎತ್ತರದಲ್ಲಿಡಿ. ನಮ್ಮ ಬೆಕ್ಕಿಗಾಗಿ ನಾನು ಇದನ್ನು ಕಪಾಟಿನ ಮೇಲೆ ಇಟ್ಟೆ.

ಆಂಥೂರಿಯಂ ಚೆಲುವಿನಲ್ಲಿ ಮೂರರಲ್ಲೂ ಮುಂದು. ನಮ್ಮ ಕಡೆ ಎಷ್ಟೋ ಮನೆಗಳ ಸಿಟ್‌ಔಟ್‌ನಲ್ಲಿ ಸಾಲಾಗಿ ಇಟ್ಟಿರುತ್ತಾರೆ, ನೋಡಿದ್ದೀರಲ್ಲ. ಕೆಂಪಗೆ ಹೊಳೆಯುವುದು ಹೂವಲ್ಲ, ಹೂಗೊಂಚಲಿನ ಹೊದಿಕೆ. ನಡುವಿನ ಕಡ್ಡಿಯ ಮೇಲೆ ಇರುವ ಸಣ್ಣ ಸಣ್ಣದೇ ನಿಜವಾದ ಹೂವು. ಒಂದು ಹೊದಿಕೆ ನನ್ನಲ್ಲಿ ಆರು ವಾರ ಬಾಡದೆ ನಿಂತಿತು. ವೃಶ್ಚಿಕ ಸ್ಥಿರ ರಾಶಿ, ಕರ್ಕ ಚರ ರಾಶಿ, ಈ ಎರಡು ಗಿಡಗಳಲ್ಲೂ ಆ ವ್ಯತ್ಯಾಸ ಕಂಡೆ ಅಂತಲೇ ನನಗೆ ಅನಿಸುವುದು: ಪೀಸ್ ಲಿಲಿ ದಿನಕ್ಕೊಂದು ಬಗೆ, ಆಂಥೂರಿಯಂ ತಿಂಗಳುಗಟ್ಟಲೆ ಒಂದೇ ಬಗೆ. ಆದರೆ ಮೊದಲ ಗಿಡವಾಗಿ ಇದನ್ನು ಹೇಳಲಾರೆ. ಬೇರಿಗೆ ಗಾಳಿ ಬೇಕು, ಬರೀ ಮಣ್ಣಿನಲ್ಲಿ ನೆಟ್ಟರೆ ಆಗುವುದಿಲ್ಲ. ಹಂಚಿನ ಚೂರು, ಇದ್ದಿಲು, ತೆಂಗಿನ ಸಿಪ್ಪೆಯ ತುಂಡು, ಸ್ವಲ್ಪ ಸುಡುಮಣ್ಣು, ಇಷ್ಟನ್ನೂ ಕೂಡಿಸಬೇಕು. ಜುಲೈಯಲ್ಲಿ ಮಾಡಿನ ನೀರು ಚಿಮ್ಮಿ ಎಲೆಗಳ ಮೇಲೆ ಕಪ್ಪು ಚುಕ್ಕೆ ಬಿತ್ತು. ಮೂರು ಎಲೆ ಕತ್ತರಿಸಿ ಬಿಸಾಡಿ ಒಳಗೆ ತಂದಿಟ್ಟ ಮೇಲೆ ನಿಂತಿತು. ಒಳಗೆ ಬಂದ ಮೇಲೆ ಬೆಳಕು ಸಾಲದೆ ಹೂ ನಿಂತಿತು. ಎರಡನೇ ಗಿಡವಾಗಿ ಖಂಡಿತ ತನ್ನಿ.

ಅಣ್ಣನ ವಿಷಯ ಹೇಳಲೇಬೇಕು. ಅವನದು ಮಕರ, ಭೂಮಿಯ ರಾಶಿ, ಅಧಿಪತಿ ಶನಿ, ನಿಧಾನ. ಕಾಸರಗೋಡು ಪೇಟೆಯಲ್ಲಿ ಫ್ಲಾಟು, ವಾರದಲ್ಲಿ ನಾಲ್ಕು ದಿನ ಊರಲ್ಲಿ ಇರುವುದಿಲ್ಲ. ಅವನಿಗೆ ಸ್ನೇಕ್ ಪ್ಲಾಂಟ್ ಕೊಟ್ಟೆ. ಮೂರು ವಾರಕ್ಕೊಮ್ಮೆ ನೀರು, ಮಳೆಗಾಲದಲ್ಲಿ ಅದೂ ಇಲ್ಲ. ಒಂದು ಸಲ ಅತ್ತಿಗೆ ಪ್ರೀತಿಯಿಂದ ದಿನಾ ನೀರು ಹಾಕಿ ಒಂದು ಎಲೆ ಬುಡದಲ್ಲಿ ಕೊಳೆಯಿತು, ಅಷ್ಟೇ. ವರ್ಷದಲ್ಲಿ ಬಂದದ್ದು ಎರಡೇ ಹೊಸ ಎಲೆ. ಅಣ್ಣನಿಗೆ ಅದೇ ಇಷ್ಟ. ಗಾಳಿ ಶುದ್ಧ ಮಾಡುತ್ತದೆ ಅಂತ ನರ್ಸರಿಯಲ್ಲಿ ಹೇಳಿದರು, ಆ ಮಾತು ಬಂದದ್ದು 1989ರ ನಾಸಾ ಅಧ್ಯಯನದಿಂದ, ಅದು ಮುಚ್ಚಿದ ಪೆಟ್ಟಿಗೆಯೊಳಗೆ ಮಾಡಿದ ಪರೀಕ್ಷೆ. ಕಿಟಕಿ ತೆರೆದಿಡುವ ಮನೆಗೆ ಒಂದು ಚಟ್ಟಿ ಗಿಡದಿಂದ ಅಂಥ ವ್ಯತ್ಯಾಸ ಆಗುವುದಿಲ್ಲ. ಆ ಕಾರಣಕ್ಕೆ ಕೊಳ್ಳಬೇಡಿ.

ನಕ್ಷತ್ರಕ್ಕೊಂದು ಮರ ಅಂತ ನಮ್ಮಲ್ಲಿ ಮೊದಲಿನಿಂದಲೂ ಇದೆ ಅಲ್ವಾ, ಅದನ್ನೇ ಹಿಡಿಯಬಹುದಿತ್ತು ಅಂತ ಅಮ್ಮ ಹೇಳಿದರು. ಅಶ್ವಿನಿಗೆ ಕಾಸರಕ (ಕಾಸರಗೋಡು ಅನ್ನುವ ಹೆಸರೇ ಈ ಮರದಿಂದ ಬಂತು ಅನ್ನುವವರಿದ್ದಾರೆ), ರೋಹಿಣಿಗೆ ನೇರಳೆ, ಅಣ್ಣನ ಉತ್ತರಾಷಾಢಕ್ಕೆ ಹಲಸು, ನನ್ನ ಪುನರ್ವಸುವಿಗೆ ಬಿದಿರು. ಅವು ಗುಡ್ಡೆಯಲ್ಲಿ ನೆಡುವಂಥವು, ಮನೆಯೊಳಗೆ ಹೇಗೆ? ಲಕ್ಕಿ ಬ್ಯಾಂಬೂ ಇಡೋಣವೆಂದರೆ ಅದು ಬಿದಿರೇ ಅಲ್ಲ, ಸ್ನೇಕ್ ಪ್ಲಾಂಟಿನ ಹತ್ತಿರದ ನೆಂಟ. ಮಳೆ ಬಂದ ಮೇಲೆ ತೋಟದ ಅಂಚಿಗೆ ನಿಜವಾದ ಬಿದಿರು ನೆಡುತ್ತೇನೆ ಅಂತ ಅಮ್ಮನಿಗೆ ಮಾತು ಕೊಟ್ಟಿದ್ದೇನೆ.

ವರ್ಷ ಪೂರ್ತಿ ನೋಡಿದ ಮೇಲೆ ನನಗೆ ತೋರುವುದು, ಮನುಷ್ಯರಿಗೆ ಇರುವ ಹಾಗೆ ಊರಿಗೂ ಒಂದು ರಾಶಿ ಇದೆ. ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆಯ ಮನೆಗಳು ಜಲ ರಾಶಿಯವು. ಇಲ್ಲಿ ಕರ್ಕ, ವೃಶ್ಚಿಕ, ಮೀನದವರು ಕಣ್ಣುಮುಚ್ಚಿ ಪೀಸ್ ಲಿಲಿ ತರಬಹುದು. ಅಗ್ನಿ ರಾಶಿಯವರಿಗೆ ಜೇಡ್ ಬೇಕೇ ಬೇಕಾದರೆ ಅಕ್ಟೋಬರಿನಲ್ಲಿ ತನ್ನಿ, ವಿಷುವಿಗೆ ಬೇಡ. ಅದಕ್ಕೆ ಬೇರೂರಲು ಏಳೆಂಟು ಒಣ ತಿಂಗಳು ಸಿಗುತ್ತದೆ, ಮಣ್ಣಿಗೆ ಅರ್ಧ ಪಾಲು ಹೊಯಿಗೆ ಹಾಕಿ. ವಾಯು ರಾಶಿಯವರಿಗೆ ನಾನು ಸ್ವತಃ ಸಾಕಿ ನೋಡಿಲ್ಲ, ಆದರೆ ನೆರೆಮನೆಯ ತುಲಾ ರಾಶಿಯ ಹುಡುಗಿಯ ಸ್ಪೈಡರ್ ಪ್ಲಾಂಟ್ ಕಿಟಕಿಯಲ್ಲಿ ತೂಗಾಡುತ್ತಾ ಮರಿ ಮೇಲೆ ಮರಿ ಬಿಡುತ್ತಿದೆ, ಬೆಕ್ಕಿಗೂ ಅದು ವಿಷವಲ್ಲ.

ಈ ವಿಷುವಿನ ಹಿಂದಿನ ದಿನ ಪೀಸ್ ಲಿಲಿಯನ್ನು ಚಟ್ಟಿಯಿಂದ ಕಿತ್ತು ಬುಡ ಬಿಡಿಸಿದೆ, ಮೂರು ಗಿಡ ಆಯಿತು. ವಿಷುವಿನ ಬೆಳಗ್ಗೆ ಎದ್ದೊಡನೆ ನೋಡಲು ಇಡುವ ಕಣಿಗೆ ಸೌತೆಕಾಯಿ, ಕೊನ್ನೆ ಹೂವಿನ ಪಕ್ಕ ಒಂದನ್ನು ಇಟ್ಟೆ. ಇನ್ನೊಂದು ಅತ್ತಿಗೆಗೆ. ಅತ್ತಿಗೆಯದು ಮೀನ ರಾಶಿ, ದಿನಾ ನೀರು ಹಾಕುವ ಕೈ. ಅವರ ಫ್ಲಾಟಿನ ಅಡುಗೆಮನೆ ಕಿಟಕಿಯಲ್ಲಿ, ಸ್ನೇಕ್ ಪ್ಲಾಂಟಿನಿಂದ ದೂರ ಇಟ್ಟು ಬಂದೆ.