ಟಿ-ಸ್ಕ್ವೇರ್, ಮಿನಿ ಡ್ರಾಫ್ಟರ್, ಪ್ಯಾರಲಲ್ ಬಾರ್: ಶಿರಸಿಯ ಮಳೆಗಾಲದಲ್ಲಿ ಯಾವುದು ತಾಳಿತು

ಟಿ-ಸ್ಕ್ವೇರ್ ಎಂದರೆ ಟಿ ಅಕ್ಷರದಂತೆ ಅಡ್ಡ ತಲೆ, ಉದ್ದ ಅಲಗು ಇರುವ ಪಟ್ಟಿ; ತಲೆಯನ್ನು ಡ್ರಾಯಿಂಗ್ ಬೋರ್ಡಿನ ಎಡ ಅಂಚಿಗೆ ಒತ್ತಿ ಜಾರಿಸುತ್ತ ಗೆರೆ ಎಳೆಯುವುದು. ಅದರ ಪರವಾಗಿ ಮಾತಾಡುವವರು ಈಗ ಕಡಿಮೆ. ಆರ್ಕಿಟೆಕ್ಚರ್ ಮೊದಲ ವರ್ಷಕ್ಕೆ ಸೇರಿದವರು ಮಿನಿ ಡ್ರಾಫ್ಟರ್ ಕೊಳ್ಳುತ್ತಾರೆ. ದುಡ್ಡಿದ್ದವರು ಪ್ಯಾರಲಲ್ ಬಾರ್, ಅಂದರೆ ತಂತಿಯ ಮೇಲೆ ಏರಿ ಇಳಿಯುವ ಅಡ್ಡಪಟ್ಟಿ, ಕೂಡಿಸಿದ ಬೋರ್ಡನ್ನೇ ತರಿಸುತ್ತಾರೆ. ಟಿ-ಸ್ಕ್ವೇರ್ ಅಂದರೆ ಹಳೆಯ ಕಾಲದ ಡ್ರಾಫ್ಟ್ಸ್‌ಮನ್‌ಗಳ ಸಾಮಾನು ಎಂಬ ಭಾವನೆ. ನಾನು ಮೂರರಲ್ಲೂ ಗೆರೆ ಎಳೆದಿದ್ದೇನೆ. ಓದುವುದು ಹುಬ್ಬಳ್ಳಿಯಲ್ಲಾದರೂ ರಜೆಯ ಶೀಟುಗಳೆಲ್ಲ ಮುಗಿಯುವುದು ಶಿರಸಿ ಹತ್ತಿರದ ನಮ್ಮ ಮನೆಯಲ್ಲಿ, ಅದೂ ಗೋಡೆಯೇ ಬೆವರುವ ಜುಲೈ ತಿಂಗಳಿನಲ್ಲಿ. ಇಲ್ಲಿ ಗೆದ್ದದ್ದು ಟಿ-ಸ್ಕ್ವೇರ್, ಮತ್ತು ಅದರ ಗೆಲುವು ಸಣ್ಣದಲ್ಲ.

ಮಿನಿ ಡ್ರಾಫ್ಟರ್ ನೋಡಲು ಜಾಣ ಉಪಕರಣ. ಬೋರ್ಡಿನ ಮೂಲೆಗೆ ಕ್ಲಾಂಪ್ ಬಿಗಿದರೆ ಸಾಕು, ಮಡಚುವ ತೋಳುಗಳ ತುದಿಯಲ್ಲಿ ಒಂದಕ್ಕೊಂದು ಲಂಬವಾಗಿರುವ ಎರಡು ಪಟ್ಟಿಗಳು ಹಾಳೆಯ ಮೇಲೆ ಎಲ್ಲಿಗೆ ಹೋದರೂ ಅದೇ ದಿಕ್ಕಿಗೆ ಮುಖ ಮಾಡಿರುತ್ತವೆ. ಸೆಟ್ ಸ್ಕ್ವೇರ್ ಬೇರೆ ಬೇಡ, ಕೋನಮಾಪಕ ಅದರ ತಲೆಯಲ್ಲೇ ಇದೆ. ಚೀಲದೊಳಗೆ ಹಿಡಿಯುತ್ತದೆ. ಇಷ್ಟು ಅದರ ಹೊಗಳಿಕೆ.

ತಕರಾರು ಶುರುವಾದದ್ದು ನಮ್ಮ ಅಜ್ಜನ ಮನೆಯ ಅಳತೆ ತೆಗೆದು ನಕ್ಷೆ ಮಾಡುವಾಗ. ಜಗಲಿ, ನಡುಮನೆ, ಮೆತ್ತು (ಮೇಲಂತಸ್ತು) ಎಲ್ಲವೂ ಸೇರಿದ ಒಂದು ಸೆಕ್ಷನ್ (ಮನೆಯನ್ನು ಸೀಳಿ ನೋಡಿದಂಥ ಚಿತ್ರ), 1:50 ಪ್ರಮಾಣದಲ್ಲಿ. ಹೆಂಚಿನ ಮಾಡು ಅಂದಮೇಲೆ ಇಳಿಜಾರಿನ ತೊಲೆಗಳಾದ ಪಕಾಸು, ಅದರ ಮೇಲೆ ಅಡ್ಡಕ್ಕೆ ಹೆಂಚು ಕೂರುವ ಸಾಲು ಸಾಲು ರೀಪು. ಪಕ್ಕದಿಂದ ನೋಡಿದ ಚಿತ್ರದಲ್ಲಿ ರೀಪುಗಳೆಲ್ಲ ಸಮಾನಾಂತರ ಗೆರೆಗಳೇ. ಎಡದಿಂದ ಶುರು ಮಾಡಿ ಬಲಕ್ಕೆ ಬರುವಷ್ಟರಲ್ಲಿ ರೀಪುಗಳು ಒಂದನ್ನೊಂದು ಕೂಡಿಕೊಳ್ಳಲು ಹೊರಟಿದ್ದವು. ಕ್ಲಾಂಪ್ ಬಿಗಿದು ನೋಡಿದೆ, ತಲೆಯ ತಿರುಪು ಬಿಗಿದು ನೋಡಿದೆ. ಒಂದು ಗೆರೆ ಎಳೆದು, ಪಟ್ಟಿಯನ್ನು ಬೋರ್ಡಿನ ಆಚೆ ತುದಿಗೆ ಒಯ್ದು, ತಿರುಗಿ ಅದೇ ಗೆರೆಯ ಮೇಲೆ ಕೂರಿಸಿದರೆ ಕೂರುತ್ತಿರಲಿಲ್ಲ.

ಕಾರಣ ಅದರ ಕೀಲುಗಳಲ್ಲಿದೆ. ತೋಳುಗಳು ಎರಡು ಸಮಾನಾಂತರ ಚತುರ್ಭುಜಗಳಂತೆ ಜೋಡಿಸಲ್ಪಟ್ಟಿವೆ. ಪ್ರತಿ ಮೂಲೆಯಲ್ಲೂ ಒಂದು ಕೀಲು, ಪ್ರತಿ ಕೀಲಿನಲ್ಲೂ ಕೂದಲೆಳೆಯಷ್ಟು ಸಡಿಲು. ತೋಳು ಮಡಚಿದಾಗ ಒಂದು ಬಗೆಯ ಓಲಾಟ, ಚಾಚಿದಾಗ ಇನ್ನೊಂದು ಬಗೆಯದು. ಕಾಲು ಡಿಗ್ರಿ ಓರೆಯಾದರೆ ಕಣ್ಣಿಗೆ ಕಾಣುವುದಿಲ್ಲ. ಆದರೆ 400 ಮಿ.ಮೀ. ಉದ್ದದ ಗೆರೆಯ ಕೊನೆಯಲ್ಲಿ ಅದು 1.75 ಮಿ.ಮೀ. ಆಗಿರುತ್ತದೆ, 1:50ರ ಲೆಕ್ಕದಲ್ಲಿ ನಿಜವಾದ ಮನೆಯಲ್ಲಿ ಸುಮಾರು 87 ಮಿ.ಮೀ. ಒಂದು ರೀಪನ್ನು ನುಂಗಿ ಹಾಕುವಷ್ಟು ವ್ಯತ್ಯಾಸ. ಸಾಲದ್ದಕ್ಕೆ ಪಟ್ಟಿ ಗಿಡ್ಡ. ಎ1 ಹಾಳೆ 841 ಮಿ.ಮೀ. ಅಗಲ, ನೆಲದ ಗೆರೆಯನ್ನು ತುಂಡು ತುಂಡಾಗಿ ಎಳೆದು ಜೋಡಿಸಬೇಕು, ಪ್ರತಿ ಜೋಡಣೆಯಲ್ಲೂ ಸಣ್ಣ ಮೆಟ್ಟಿಲು.

ಟಿ-ಸ್ಕ್ವೇರಿಗೂ ದೋಷ ಇಲ್ಲದಿಲ್ಲ. ಅದರ ತಲೆಗೂ ಅಲಗಿಗೂ ನಡುವೆ ಸರಿಯಾಗಿ 90 ಡಿಗ್ರಿ ಇಲ್ಲದೆಯೂ ಇರಬಹುದು. ಇರದಿದ್ದರೆ ಏನಾಯಿತು? ತಿರುಪು ಬಿಗಿಯಾಗಿದ್ದರೆ ಎಲ್ಲ ಗೆರೆಯೂ ಅಷ್ಟೇ ಓರೆ. ಸೆಟ್ ಸ್ಕ್ವೇರ್ ಅದೇ ಅಲಗಿನ ಮೇಲೆ ನಿಲ್ಲುವುದರಿಂದ ಲಂಬ ಗೆರೆಗಳೂ ಅದಕ್ಕೆ ಹೊಂದಿಕೊಳ್ಳುತ್ತವೆ. ಹಾಳೆಯನ್ನು ಅಲಗಿಗೆ ಸರಿಯಾಗಿ ಅಂಟಿಸಿದರೆ ಆ ದೋಷ ಯಾರಿಗೂ ಕಾಣಿಸುವುದೇ ಇಲ್ಲ. ಮಿನಿ ಡ್ರಾಫ್ಟರಿನ ತಪ್ಪು ಜಾಗ ಬದಲಾದಂತೆ ಬದಲಾಗುತ್ತದೆ, ಟಿ-ಸ್ಕ್ವೇರಿನ ತಪ್ಪು ಎಲ್ಲ ಕಡೆಯೂ ಒಂದೇ. ನಾನು ಪಕ್ಷ ವಹಿಸಿದ್ದು ಈ ಕಾರಣಕ್ಕೆ, ಅಗ್ಗ ಎಂಬುದು ಆಮೇಲಿನ ಮಾತು. ಮಿನಿ ಡ್ರಾಫ್ಟರಿನ ಬೆಲೆಗೆ ಟಿ-ಸ್ಕ್ವೇರ್ ಕೊಂಡು, ಒಂದು ಜೊತೆ ಒಳ್ಳೆಯ ಸೆಟ್ ಸ್ಕ್ವೇರನ್ನೂ ತಂದೆ.

ಇನ್ನು ಮಳೆ. ಕಾಗದದ ನಾರು ತೇವ ಹೀರಿದರೆ ಉಬ್ಬುತ್ತದೆ, ನಾರಿನ ಉದ್ದಕ್ಕಿಂತ ಅಡ್ಡಕ್ಕೆ ಹೆಚ್ಚು. ಬೆಳಿಗ್ಗೆ ನಾಲ್ಕು ಮೂಲೆಗೆ ಟೇಪ್ ಹಾಕಿದ ಕಾರ್ಟ್ರಿಜ್ ಹಾಳೆ (ದಪ್ಪ ಡ್ರಾಯಿಂಗ್ ಕಾಗದ) ಸಂಜೆಗೆ ನಡುವೆ ಹಪ್ಪಳದಂತೆ ಎದ್ದಿರುತ್ತದೆ. ಟ್ರೇಸಿಂಗ್ ಪೇಪರ್ ಇನ್ನೂ ಕಷ್ಟ. ಗಟ್ಟಿ ಸೀಸದ 2ಎಚ್ ಪೆನ್ಸಿಲ್ ಒದ್ದೆ ಹಾಳೆಯಲ್ಲಿ ಗೆರೆ ಬಿಡುವುದಿಲ್ಲ, ಉಳುಮೆ ಮಾಡುತ್ತದೆ. ಹಾಳೆಗಳನ್ನು ಒಲೆಯ ಮೇಲಿನ ಅಟ್ಟದಲ್ಲಿ ಇಡು ಎಂದು ದೊಡ್ಡಮ್ಮ ಹೇಳಿದರು. ಅಲ್ಲಿ ಬಿತ್ತನೆ ಬೀಜವೇ ಕೆಡದೆ ಉಳಿಯುತ್ತದಲ್ಲ ಎಂಬುದು ಅವರ ವಾದ. ಹಾಳೆ ಗರಿಗರಿಯಾಗಿಯೇ ಬಂತು, ಹೊಗೆಯ ಬಣ್ಣವನ್ನೂ ತಂತು. ಆದರೆ ಬೋರ್ಡಿನ ಮೇಲೆ ಅಂಟಿಸಿದ ಮೇಲೆ ಎರಡು ಪಟ್ಟು ಉಬ್ಬಿತು, ಏಕೆಂದರೆ ಒಣಗಿದ ಕಾಗದ ಕೋಣೆಯ ತೇವವನ್ನು ಆಗ ಹೀರಲು ಶುರು ಮಾಡಿತ್ತು. ಉಪಾಯ ಇದರ ತದ್ವಿರುದ್ಧ: ಹಾಳೆಯನ್ನು ಹಿಂದಿನ ರಾತ್ರಿಯೇ ಕೊಳವೆಯಿಂದ ಹೊರತೆಗೆದು, ಗೆರೆ ಎಳೆಯುವ ಕೋಣೆಯಲ್ಲೇ ಹರಡಿಡಬೇಕು. ಉಬ್ಬುವುದನ್ನೆಲ್ಲ ಉಬ್ಬಿ ಮುಗಿಸಲಿ. ಬೆಳಿಗ್ಗೆ ಅಂಟಿಸಿದರೆ ಅಷ್ಟಾಗಿ ಅಲುಗುವುದಿಲ್ಲ. ಪಾಲಿಯೆಸ್ಟರ್ ಫಿಲ್ಮ್‌ಗೆ ಈ ಕಾಟವಿಲ್ಲ, ಆದರೆ ಅಭ್ಯಾಸದ ಶೀಟಿಗೆ ಅಷ್ಟು ದುಡ್ಡು ಹಾಕುವವರು ಯಾರು?

ಬೋರ್ಡು ಕೂಡ ತೇವಕ್ಕೆ ಹಿಗ್ಗುತ್ತದೆ. ಹಳೆಯ ಕಾಲದ ಡ್ರಾಯಿಂಗ್ ಬೋರ್ಡನ್ನು ತಿರುಗಿಸಿ ನೋಡಿದರೆ ಹಿಂಬದಿಯಲ್ಲಿ ಎರಡು ಅಡ್ಡಪಟ್ಟಿಗಳಿರುತ್ತವೆ. ಅವುಗಳ ತಿರುಪು ಕೂರುವ ತೂತು ದುಂಡಗಿರುವುದಿಲ್ಲ, ಉದ್ದಕ್ಕಿರುತ್ತದೆ. ಮರ ಹಿಗ್ಗಿ ಕುಗ್ಗುವಾಗ ಸೀಳದೆ ಜಾರಲಿ ಎಂದು. ನನ್ನ ಪ್ಲೈವುಡ್ ಬೋರ್ಡಿಗೆ ಅಂಥ ಭಾಗ್ಯವಿಲ್ಲ. ಅದರ ಎಡ ಅಂಚು ಮೊದಲ ಮಳೆಗೇ ಪದರ ಬಿಟ್ಟಿತು. ಊರಿನ ಆಚಾರಿಯವರು ಅಂಚು ಹೆರೆದು, ಒಂದು ಸಾಗವಾನಿ ಪಟ್ಟಿ ಕೂರಿಸಿ ಕೊಟ್ಟರು. ಮಿನಿ ಡ್ರಾಫ್ಟರಿನ ಕೀಲನ್ನು ಅವರೆದುರು ಹಿಡಿದಾಗ ಕನ್ನಡಕ ಏರಿಸಿ ನೋಡಿ, ‘ಇದು ನಮ್ಮ ಕೈಯಲ್ಲಿ ಆಗುವಂಥದ್ದಲ್ಲ’ ಎಂದು ಹಿಂದಿರುಗಿಸಿದರು. ರಿಪೇರಿಗೆ ಊರಲ್ಲೇ ಜನ ಸಿಗುವ ಸಾಮಾನು ನನಗೆ ಇಷ್ಟ.

ಪ್ಯಾರಲಲ್ ಬಾರ್ ಬಳಸಿದ್ದು ಕಾರವಾರದಲ್ಲಿ, ಕೋಡಿಬಾಗದ ಭಾವನ ಮನೆಯಲ್ಲಿ. ಬಾರಿನ ಎರಡೂ ತುದಿ ತಂತಿಯ ಮೇಲೆ ಒಟ್ಟಿಗೇ ಏರಿ ಇಳಿಯುವುದರಿಂದ ಗೆರೆ ಸೊಗಸು, ಎಡಗೈಯಲ್ಲಿ ತಲೆ ಒತ್ತಿ ಹಿಡಿಯುವ ಶ್ರಮವಿಲ್ಲ. ಗೆರೆಯ ಗುಣ ಒಂದನ್ನೇ ನೋಡುವುದಾದರೆ ಇದೇ ಮೊದಲನೆಯದು. ಆದರೆ ಕಡಲ ಗಾಳಿಗೆ ರಾಟೆಯ ಮೊಳೆ ತುಕ್ಕು ಹಿಡಿದು ಬಾರು ಒಂದು ಕಡೆ ತಡೆದು ನಿಲ್ಲುತ್ತಿತ್ತು. ತೆಂಗಿನೆಣ್ಣೆ ಹಾಕಿದ್ದಾರೆ ಪುಣ್ಯಾತ್ಮರು, ಶೀಟಿನ ಮೇಲೆ ಅದರ ಸಹಿ ಬಿದ್ದಿತು. ಹೊಲಿಗೆ ಯಂತ್ರದ ಎಣ್ಣೆ ಒಂದು ಹನಿ ಸಾಕು. ಬೋರ್ಡಿನ ಸಮೇತ ಹುಬ್ಬಳ್ಳಿ ಬಸ್ ಹತ್ತುವುದಂತೂ ಆಗದ ಮಾತು. ಒಂದೇ ಕಡೆ ಮೇಜು ಹಾಕಿ ಕೂರುವವರಿಗೆ, ಕೆಲವು ಸಾವಿರ ಖರ್ಚು ಮಾಡಬಲ್ಲವರಿಗೆ ಇದನ್ನು ಬೇಡ ಎನ್ನಲಾರೆ.

ಲ್ಯಾಪ್‌ಟಾಪ್ ಇರುವಾಗ ಇದೆಲ್ಲ ಏಕೆ ಎಂದು ಕೇಳುವವರಿಗೆ: ಕಂಪ್ಯೂಟರಿನಲ್ಲಿ ನಕ್ಷೆ ಬರೆಯುವ ಆಟೋಕ್ಯಾಡ್ ತಂತ್ರಾಂಶ 1982ರಿಂದ ಇದೆ, ವಿದ್ಯಾರ್ಥಿಗಳಿಗೆ ಉಚಿತವಾಗಿಯೂ ಸಿಗುತ್ತದೆ, ಕೊನೆಗೆ ಎಲ್ಲರೂ ಸೇರುವುದು ಅಲ್ಲಿಗೇ. ಆದರೆ ಅದರಲ್ಲಿ ಮನೆಯನ್ನು ನಿಜವಾದ ಅಳತೆಯಲ್ಲೇ ಬರೆಯುತ್ತೇವೆ, 450 ಮಿ.ಮೀ. ಮಣ್ಣಿನ ಗೋಡೆ 1:50ರಲ್ಲಿ 9 ಮಿ.ಮೀ. ಎಂಬುದು ಬೆರಳಿಗೆ ತಿಳಿಯುವುದೇ ಇಲ್ಲ. ದೊಡ್ಡದು ಮಾಡಿದ ಪರದೆಯಲ್ಲಿ ಎಷ್ಟು ವಿವರ ತುಂಬಿದರೂ ಜಾಗ ಇದೆ ಎನಿಸುತ್ತದೆ, ಮುದ್ರಿಸಿದಾಗ ಕಪ್ಪು ಮುದ್ದೆ. ಜುಲೈಯಲ್ಲಿ ನಮ್ಮಲ್ಲಿ ಕರೆಂಟು ಇರುವ ಹೊತ್ತಿಗಿಂತ ಇಲ್ಲದ ಹೊತ್ತೇ ಹೆಚ್ಚು ಎಂಬುದು ಬೇರೆ. ಆರ್ಕಿಟೆಕ್ಚರ್ ಪ್ರವೇಶದ ನಾಟಾ ಪರೀಕ್ಷೆಗೆ ತಯಾರಾಗುವವರು ಈ ಯಾವುದನ್ನೂ ಈಗಲೇ ಕೊಳ್ಳಬೇಕಿಲ್ಲ, ಅದರ ಚಿತ್ರದ ಭಾಗದಲ್ಲಿ ನೋಡುವುದು ಬರಿಗೈ ಚಿತ್ರವನ್ನು.

ಮಿನಿ ಡ್ರಾಫ್ಟರನ್ನು ನಾನು ಮಾರಿಲ್ಲ. ಎರಡು ಸೆಟ್ ಸ್ಕ್ವೇರ್ ಸೇರಿಸಿದರೆ 15ರ ಗುಣಕದ ಕೋನಗಳು ಮಾತ್ರ ಸಿಗುತ್ತವೆ, ಅಜ್ಜನ ಮನೆಯ ಮಾಡಿನ ಇಳಿಜಾರು 34 ಡಿಗ್ರಿ. ಅಂಥ ಒಂದು ಗೆರೆಯನ್ನು ಅದರಲ್ಲಿ ಹಾಕಿ, ಸೆಟ್ ಸ್ಕ್ವೇರಿನ ಒಂದು ಅಂಚನ್ನು ಆ ಗೆರೆಗೆ ಹೊಂದಿಸಿ, ಇನ್ನೊಂದು ಅಂಚಿಗೆ ಟಿ-ಸ್ಕ್ವೇರ್ ಒತ್ತಿ ಹಿಡಿದು, ಅದರ ಮೇಲೆ ಸೆಟ್ ಸ್ಕ್ವೇರ್ ಜಾರಿಸುತ್ತ ಅದಕ್ಕೆ ಸಮಾನಾಂತರವಾದ ಉಳಿದ ಗೆರೆಗಳನ್ನು ಎಳೆಯುತ್ತೇನೆ.

ಟಿ-ಸ್ಕ್ವೇರ್ ಕೊಳ್ಳುವವರು ಅಂಗಡಿಯಲ್ಲೇ ಒಂದು ಕೆಲಸ ಮಾಡಿ. ಬಿಳಿ ಹಾಳೆಯ ಮೇಲೆ ಅಲಗಿನ ಉದ್ದಕ್ಕೂ ಒಂದು ಗೆರೆ ಎಳೆಯಿರಿ. ಅಲಗನ್ನು ಮಗುಚಿ ಹಾಕಿ, ಅದೇ ಅಂಚನ್ನು ಗೆರೆಯ ಎರಡೂ ತುದಿಗೆ ಹೊಂದಿಸಿ ಇನ್ನೊಮ್ಮೆ ಎಳೆಯಿರಿ. ಎರಡು ಗೆರೆಗಳ ನಡುವೆ ಸಂದು ಕಂಡರೆ ಅಲಗು ಬಾಗಿದೆ, ಬೇರೆ ಕೇಳಿ. ಅಂಗಡಿಯವರು ಗೊಣಗಬಹುದು. ಪೆನ್ಸಿಲ್ ಮನೆಯಿಂದಲೇ ಒಯ್ಯಿರಿ.