ಸೆಕೆಂಡ್ ಹ್ಯಾಂಡ್ ನಿಸ್ಸಾನ್ ಲೀಫ್ ಮತ್ತು ಮನೆಯಲ್ಲೇ ಮಾಡಿಕೊಂಡ ಸುಧಾರಣೆಗಳು: ಎರಡೂವರೆ ವರ್ಷದ ಅನುಭವ

2012ರ ಮಾದರಿಯ ನಿಸ್ಸಾನ್ ಲೀಫ್ ಎಂಬ ಎಲೆಕ್ಟ್ರಿಕ್ ಕಾರನ್ನು ಸೆಕೆಂಡ್ ಹ್ಯಾಂಡ್ ಆಗಿ ಕೊಂಡು ಎರಡೂವರೆ ವರ್ಷವಾಯಿತು. ಕೊಂಡ ದಿನ ಅದರ ಬ್ಯಾಟರಿಯ ಆರೋಗ್ಯ, ಅಂದರೆ ಹೊಸದಿದ್ದಾಗಿನ ಸಾಮರ್ಥ್ಯದಲ್ಲಿ ಉಳಿದಿರುವ ಪಾಲು, 76 ಪ್ರತಿಶತ ಇತ್ತು; ಇಂದು 72ಕ್ಕೆ ಇಳಿದಿದೆ. ಆದರೂ ಪೂರ್ತಿ ಚಾರ್ಜ್ ಮಾಡಿದಾಗ ನಾನು ಕ್ರಮಿಸುವ ದೂರ ಆಗಿನ 95 ಕಿಲೋಮೀಟರಿನಿಂದ ಈಗ 100ನ್ನು ದಾಟಿದೆ. ಬ್ಯಾಟರಿ ಕುಗ್ಗಿದ್ದರೂ ದೂರ ಹೆಚ್ಚಿದ್ದಕ್ಕೆ ಕಾರಣ, ಎಲ್ಲಿ ವಿದ್ಯುತ್ ವ್ಯರ್ಥವಾಗುತ್ತಿದೆ ಎಂಬುದನ್ನು ಮೊದಲು ಅಳೆದು ನೋಡಿ, ನಂತರವೇ ಕೈಹಾಕಿದ್ದು.

ಅಳೆಯಲು ಬಳಸಿದ್ದು ಸ್ಟಿಯರಿಂಗ್ ಕೆಳಗಿನ ಒಬಿಡಿ ಪೋರ್ಟಿಗೆ (ಕಾರಿನ ಕಂಪ್ಯೂಟರಿನಿಂದ ಮಾಹಿತಿ ಓದುವ ಕಿಂಡಿ) ಸಿಕ್ಕಿಸುವ ಅಗ್ಗದ ಬ್ಲೂಟೂತ್ ಅಡಾಪ್ಟರ್ ಮತ್ತು ಲೀಫ್ ಸ್ಪೈ ಎಂಬ ಆ್ಯಪ್. ಡ್ಯಾಶ್‌ಬೋರ್ಡಿನ ಹನ್ನೆರಡು ಪಟ್ಟಿಗಳು ಬ್ಯಾಟರಿಯ ಆರೋಗ್ಯದ ಬಗ್ಗೆ ತೋರಿಸುವ ಮಾಹಿತಿ ಬಹಳ ಸ್ಥೂಲವಾದದ್ದು. ಸುಮಾರು 15 ಪ್ರತಿಶತ ಸಾಮರ್ಥ್ಯ ಕಳೆದುಹೋದ ಮೇಲಷ್ಟೇ ಮೊದಲ ಪಟ್ಟಿ ಆರುತ್ತದೆ. ಆ್ಯಪ್ ಆದರೋ 24 ಕಿಲೋವ್ಯಾಟ್-ಅವರ್ ಬ್ಯಾಟರಿಯ 96 ಸೆಲ್ ಜೋಡಿಗಳ ವೋಲ್ಟೇಜನ್ನು ಒಂದೊಂದಾಗಿ ತೋರಿಸುತ್ತದೆ. ನನ್ನ ಕಾರಿನಲ್ಲಿ ಅತಿ ಹೆಚ್ಚಿನ ಮತ್ತು ಅತಿ ಕಡಿಮೆಯ ಸೆಲ್ ನಡುವಿನ ಅಂತರ 14 ಮಿಲಿವೋಲ್ಟ್ ಮಾತ್ರ ಇದ್ದುದರಿಂದ, ಸೆಲ್‌ಗಳೆಲ್ಲ ಸಮನಾಗಿ ವಯಸ್ಸಾಗಿವೆ, ಬ್ಯಾಟರಿಯ ತಂಟೆಗೆ ಹೋಗಬೇಕಿಲ್ಲ ಎಂಬ ಧೈರ್ಯ ಬಂತು. ಹಳೆಯ ಎಲೆಕ್ಟ್ರಿಕ್ ಕಾರು ಕೊಳ್ಳುವವರು ಬೇರೆಲ್ಲಕ್ಕಿಂತ ಮೊದಲು ಇಂಥ ಅಡಾಪ್ಟರನ್ನು ಕೊಳ್ಳಬೇಕು, ಸಾಧ್ಯವಾದರೆ ಕಾರಿಗಿಂತಲೂ ಮೊದಲೇ.

ಆದರೆ ಇದೇ ಅಡಾಪ್ಟರ್ ನನಗೊಂದು ಪಾಠವನ್ನೂ ಕಲಿಸಿತು. ಒಬಿಡಿ ಪೋರ್ಟಿಗೆ ಕಾರು ಆಫ್ ಆಗಿದ್ದಾಗಲೂ ವಿದ್ಯುತ್ ಹರಿಯುತ್ತಲೇ ಇರುತ್ತದೆ. ಅಡಾಪ್ಟರನ್ನು ತೆಗೆಯದೆ ಮೂರು ವಾರ ಕಾರನ್ನು ನಿಲ್ಲಿಸಿ ಹೋಗಿದ್ದೆ. ಮರಳಿ ಬಂದಾಗ ಕಾರನ್ನು ಓಡಿಸುವ ದೊಡ್ಡ ಬ್ಯಾಟರಿಯಲ್ಲಿ ಅರ್ಧಕ್ಕಿಂತ ಹೆಚ್ಚು ಚಾರ್ಜ್ ಉಳಿದಿದ್ದರೂ ಕಾರು ಸ್ಟಾರ್ಟ್ ಆಗಲಿಲ್ಲ. ದೊಡ್ಡ ಬ್ಯಾಟರಿಯನ್ನು ಮೋಟಾರಿಗೆ ಜೋಡಿಸುವ ಕಾಂಟ್ಯಾಕ್ಟರುಗಳು, ಅಂದರೆ ದೊಡ್ಡ ಸ್ವಿಚ್ಚುಗಳು, ಕೂಡಿಕೊಳ್ಳಲು 12 ವೋಲ್ಟಿನ ಪುಟ್ಟ ಬ್ಯಾಟರಿಯ ಬಲ ಬೇಕು. ಅದು ಬರಿದಾದರೆ ಉಳಿದ ಚಾರ್ಜ್ ಎಷ್ಟಿದ್ದರೂ ಪ್ರಯೋಜನವಿಲ್ಲ. ಹಳೆಯ ಎಲೆಕ್ಟ್ರಿಕ್ ಕಾರುಗಳಲ್ಲಿ ಇದ್ದಕ್ಕಿದ್ದಂತೆ ಸಾಲುಸಾಲಾಗಿ ಎಚ್ಚರಿಕೆ ದೀಪಗಳು ಹೊತ್ತಿಕೊಂಡಾಗಲೂ ಎಷ್ಟೋ ಬಾರಿ ಮೂಲ ಕಾರಣ ಈ ಪುಟ್ಟ ಬ್ಯಾಟರಿಯೇ ಆಗಿರುತ್ತದೆ. ನಾನು ಅದನ್ನು ಬದಲಿಸಿ ಎಜಿಎಂ ಬ್ಯಾಟರಿ (ಆಮ್ಲವನ್ನು ಗಾಜಿನ ನಾರಿನ ಹಾಸಿನಲ್ಲಿ ಹೀರಿಸಿಟ್ಟ, ಮುಚ್ಚಿದ ಬಗೆಯದು) ಹಾಕಿದೆ. ಬಾನೆಟ್ ತೆರೆದು, ನೆಗೆಟಿವ್ ತಂತಿಯನ್ನು ಮೊದಲು ಬಿಚ್ಚಿ, ಕೊನೆಗೆ ಜೋಡಿಸುವಷ್ಟು ಎಚ್ಚರವಿದ್ದರೆ ಅರ್ಧ ಗಂಟೆಯ ಕೆಲಸ. ಅದರ ಮೇಲೆ ಬೆರಳುದ್ದದ ವೋಲ್ಟೇಜ್ ಮಾನಿಟರ್ ಒಂದನ್ನು ಕೂರಿಸಿದ್ದೇನೆ. ನಿಂತ ಕಾರಿನಲ್ಲಿ ಅಂಕಿ 12.3ಕ್ಕಿಂತ ಕೆಳಗಿಳಿದರೆ ಚಾರ್ಜರ್ ಹಚ್ಚುತ್ತೇನೆ. ಅಂದಿನಿಂದ ಕಾರು ಒಮ್ಮೆಯೂ ಕೈಕೊಟ್ಟಿಲ್ಲ.

ದೂರ ಹೆಚ್ಚಿಸಿದ ಕೆಲಸಗಳಲ್ಲಿ ದೊಡ್ಡದು ಬ್ರೇಕ್. ವೇಗ ತಗ್ಗಿಸುವ ಕೆಲಸವನ್ನು ಬಹುಪಾಲು ಮೋಟಾರೇ ಮಾಡಿ ವಿದ್ಯುತ್ತನ್ನು ಬ್ಯಾಟರಿಗೆ ಮರಳಿಸುವುದರಿಂದ, ಪ್ಯಾಡ್‌ಗಳು ಸವೆಯುವ ಬದಲು ಪ್ಯಾಡುಗಳನ್ನು ಒತ್ತಿಹಿಡಿಯುವ ಕ್ಯಾಲಿಪರಿನ ಪಿನ್ನುಗಳು ತುಕ್ಕು ಹಿಡಿದು ಬಿಗಿಯುತ್ತವೆ. ನನ್ನ ಕಾರಿನ ಹಿಂದಿನ ಒಂದು ಚಕ್ರವನ್ನು ಎತ್ತಿ ಕೈಯಲ್ಲಿ ತಿರುಗಿಸಿದಾಗ ಅದು ಅರ್ಧ ಸುತ್ತಿಗೇ ನಿಂತುಬಿಟ್ಟಿತು. ಪಿನ್ನುಗಳನ್ನು ಬಿಚ್ಚಿ, ಉಜ್ಜಿ, ಬ್ರೇಕಿಗೆಂದೇ ಇರುವ ಗ್ರೀಸ್ ಸವರಿದ ಮೇಲೆ ಸರಾಗವಾಗಿ ತಿರುಗಿತು. ಟೈರುಗಳು ಸವೆದಾಗ ಉರುಳುವಿಕೆಯ ಪ್ರತಿರೋಧ ಕಡಿಮೆಯಿರುವ ಜಾತಿಯವನ್ನೇ ಆರಿಸಿ, ಗಾಳಿಯನ್ನು ಸೂಚಿತ 36 ಪಿಎಸ್‌ಐಗಿಂತ ತುಸು ಮೇಲೆ ಇಟ್ಟುಕೊಂಡಿದ್ದೇನೆ. ಇವೆರಡರ ನಂತರ ಒಂದು ಯೂನಿಟ್ ವಿದ್ಯುತ್ತಿಗೆ 6.1 ಕಿಲೋಮೀಟರ್ ಓಡುತ್ತಿದ್ದ ಕಾರು 6.9ಕ್ಕೆ ಏರಿತು.

ಚಳಿಗಾಲದ ಕಥೆ ಬೇರೆ. ಹೊರಗಿನ ಗಾಳಿಯ ಶಾಖವನ್ನೇ ಒಳಗೆ ತಂದು ವಿದ್ಯುತ್ ಉಳಿಸುವ ಹೀಟ್ ಪಂಪ್ ಈ ಮಾದರಿಯಲ್ಲಿ ಇಲ್ಲ. ಕಾರಿನೊಳಗನ್ನು ಬೆಚ್ಚಗಾಗಿಸುವ ಹೀಟರ್ ನೇರವಾಗಿ ದೊಡ್ಡ ಬ್ಯಾಟರಿಯಿಂದಲೇ ಕಿಲೋವ್ಯಾಟ್‌ಗಟ್ಟಲೆ ಎಳೆಯುತ್ತದೆ. 12 ವೋಲ್ಟ್ ಸಾಕೆಟಿಗೆ ಸಿಕ್ಕಿಸುವ, 45 ವ್ಯಾಟಿನ ಬಿಸಿ ಸೀಟ್ ಹೊದಿಕೆ ಅದರ ಕೆಲಸದ ಬಹುಭಾಗವನ್ನು ಮಾಡುತ್ತದೆ. ಹೊರಡುವ ಮುನ್ನ, ಕಾರು ಇನ್ನೂ ಚಾರ್ಜರಿಗೆ ಅಂಟಿಕೊಂಡಿರುವಾಗಲೇ ಟೈಮರ್ ಇಟ್ಟು ಒಳಗನ್ನು ಬಿಸಿ ಮಾಡಿಕೊಂಡರಂತೂ ದಾರಿಯಲ್ಲಿ ಹೀಟರಿನ ಅಗತ್ಯವೇ ಬೀಳುವುದು ಅಪರೂಪ.

ಎಂಜಿನ್ ಸದ್ದಿಲ್ಲದ ಕಾರಿನಲ್ಲಿ ಟೈರಿನ ಸದ್ದು ಹೆಚ್ಚು ಕೇಳುವುದರಿಂದ ಡಿಕ್ಕಿಯ ತಳಕ್ಕೆ ಸದ್ದು ತಗ್ಗಿಸುವ ಬ್ಯುಟೈಲ್ ರಬ್ಬರ್ ಹಾಳೆ ಅಂಟಿಸಿದೆ, ಫಲ ಚೆನ್ನಾಗಿದೆ. ಹೊಸ ಆಂಡ್ರಾಯ್ಡ್ ಪರದೆ ನೋಡಲು ಸೊಗಸು, ಆದರೆ ಖರ್ಚಿಗೆ ತಕ್ಕ ಉಪಯೋಗವಾಗಲಿಲ್ಲ. ಅದನ್ನು ಮತ್ತೆ ಹಾಕಿಸುವುದಿಲ್ಲ.

ಕಿತ್ತಳೆ ಬಣ್ಣದ ಕೇಬಲ್‌ಗಳನ್ನು ಮಾತ್ರ ನಾನು ಮುಟ್ಟಿಲ್ಲ. ಪೂರ್ಣ ಚಾರ್ಜಿನಲ್ಲಿ 390 ವೋಲ್ಟ್ ದಾಟುವ ನೇರ ವಿದ್ಯುತ್ ಪ್ರವಾಹ ಅಲ್ಲಿ ಹರಿಯುತ್ತದೆ. ಅದು ಎರಡನೆಯ ಅವಕಾಶ ಕೊಡುವಂಥದ್ದಲ್ಲ. ನಂತರದ ಲೀಫ್‌ಗಳ 40 ಕಿಲೋವ್ಯಾಟ್-ಅವರ್ ಬ್ಯಾಟರಿಯನ್ನು ಈ ಹಳೆಯ ದೇಹಕ್ಕೆ ಜೋಡಿಸಿ, ಬ್ಯಾಟರಿ ಮತ್ತು ಕಾರಿನ ನಡುವಿನ ಸಂದೇಶಗಳನ್ನು ಹೊಂದಿಸುವ ಸಣ್ಣ ಸರ್ಕ್ಯೂಟ್ ಹಾಕಿ ಓಡಿಸುವವರು ಇದ್ದಾರೆ. ಆರೋಗ್ಯ 60 ಪ್ರತಿಶತಕ್ಕೆ ಇಳಿದ ದಿನ ನಾನೂ ಅದನ್ನು ಮಾಡಿಸುವವನೇ, ಆದರೆ ಹೈವೋಲ್ಟೇಜ್ ತರಬೇತಿ ಪಡೆದ ಮೆಕ್ಯಾನಿಕ್ಕಿನ ಕೈಯಲ್ಲಿ.